ಸ್ಕೈಕೋಮಿಶ್ ಹೊಳೆಯ ಹತ್ತುಮೀನು: ಚಳಿಗಾಲದಲ್ಲಿ ಸ್ಟೀಲ್‌ಹೆಡ್‌ಗೆ ಗಾಳ ಹಾಕಲು ಹೊರಟ ಹೊಸಬರಿಗೆ

ಸಿಯಾಟಲ್ ಕಡೆಗೆ ಹೊಸದಾಗಿ ಬಂದ ನಮ್ಮವರಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ಕೇಳುತ್ತಾರೆ, "ಊರಲ್ಲಿ ಗಾಳ ಹಾಕ್ತಿದ್ದೆ, ಇಲ್ಲಿ ಎಲ್ಲಿ ಹಾಕ್ಬಹುದು ಸಾರ್?" ಬೇಸಿಗೆಯಲ್ಲಿ ಕೇಳಿದರೆ ಮನೆ ಹತ್ತಿರದ ಕೆರೆ ತೋರಿಸುತ್ತೇನೆ. ಡಿಸೆಂಬರ್‌ನಲ್ಲಿ ಕೇಳಿದರೆ ಸ್ಕೈಕೋಮಿಶ್ ಹೊಳೆಯ ಹೆಸರು ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ. ಮೊದಲ ಚಳಿಗಾಲದಲ್ಲಿ ಮೀನು ಸಿಗುವುದಿಲ್ಲ ಎಂದುಕೊಂಡೇ ಹೊರಡಿ, ಆ ಚಳಿಗಾಲವನ್ನು ಹೊಳೆಯ ಪರಿಚಯಕ್ಕೆಂದೇ ಎತ್ತಿಡಿ. ಹದಿನಾಲ್ಕು ಚಳಿಗಾಲ ಈ ಹೊಳೆಯಲ್ಲಿ ನಿಂತ ಮೇಲೆ ಹೇಳುವ ಮಾತು ಇದು.

ನಾನು ತೀರ್ಥಹಳ್ಳಿ ಕಡೆಯವನು. ಮಲೆನಾಡಿನವರಿಗೆ ಹತ್ತುಮೀನು ಎಂದರೆ ವಿವರಿಸಬೇಕಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಮೀನು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ನಾವು ಬ್ಯಾಟರಿ, ಕತ್ತಿ ಹಿಡಿದುಕೊಂಡು ಓಡುತ್ತಿದ್ದೆವು. ಸ್ಟೀಲ್‌ಹೆಡ್ ಈ ನಾಡಿನ ಹತ್ತುಮೀನು. ಅಂಗಡಿಯಲ್ಲಿ ಸಿಗುವ ರೇನ್‌ಬೋ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಒಂದೇ ಜಾತಿ. ಹೊಳೆಯಲ್ಲೇ ಉಳಿದರೆ ರೇನ್‌ಬೋ, ಸಮುದ್ರಕ್ಕೆ ಹೋಗಿ ಬೆಳೆದು ಬಂದರೆ ಸ್ಟೀಲ್‌ಹೆಡ್. ಹೊಳೆಯಲ್ಲಿ ಹುಟ್ಟಿದ ಮರಿ ಸಾಮಾನ್ಯವಾಗಿ ಎರಡು ವರ್ಷ ಇಲ್ಲೇ ಇದ್ದು, ಆಮೇಲೆ ಪೆಸಿಫಿಕ್ ಸಾಗರ ಸೇರಿ, ಒಂದರಿಂದ ಮೂರು ವರ್ಷ ಅಲ್ಲಿ ಮೇಯ್ದು, ತಾನು ಹುಟ್ಟಿದ ನೀರಿನ ವಾಸನೆ ಹಿಡಿದು ಮರಳುತ್ತದೆ. ಪೆಸಿಫಿಕ್ ಸಾಲ್ಮನ್ ಒಮ್ಮೆ ಮೊಟ್ಟೆ ಇಟ್ಟು ಸಾಯುತ್ತದೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಸಮುದ್ರಕ್ಕೆ ಹೋಗಿ ಇನ್ನೊಮ್ಮೆ ಬರುತ್ತವೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 1969ರಲ್ಲಿ ಇದನ್ನು ರಾಜ್ಯ ಮೀನು ಎಂದು ಘೋಷಿಸಿದೆ.

ಸ್ಕೈಕೋಮಿಶ್ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಹುಟ್ಟಿ ಗೋಲ್ಡ್ ಬಾರ್, ಸುಲ್ತಾನ್, ಮನ್ರೋ ಊರುಗಳನ್ನು ದಾಟುತ್ತದೆ. ಮನ್ರೋದಿಂದ ಸ್ವಲ್ಪ ಕೆಳಗೆ ಸ್ನೋಕ್ವಾಲ್ಮಿ ಬಂದು ಸೇರುತ್ತದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆ ಆದ ಹಾಗೆ ಇವೆರಡೂ ಸೇರಿ ಸ್ನೋಹೋಮಿಶ್ ಆಗಿ ಎವರೆಟ್ ಹತ್ತಿರ ಸಮುದ್ರ ಸೇರುತ್ತದೆ. ಮೀನು ಬರುವುದೂ ಇದೇ ದಾರಿಯಲ್ಲಿ. ಕೂಡಲಿನಲ್ಲಿ ಎಡಕ್ಕೋ ಬಲಕ್ಕೋ ಎಂಬುದನ್ನು ಅದರ ಮೂಗು ತೀರ್ಮಾನಿಸುತ್ತದೆ. ಸ್ನೋಕ್ವಾಲ್ಮಿ ಕಡೆ ತಿರುಗಿದ ಮೀನಿಗೆ 268 ಅಡಿ ಎತ್ತರದ ಜಲಪಾತ ಅಡ್ಡ ಬರುತ್ತದೆ. ಅದರ ಕೆಳಗಿನ ಟೋಕುಲ್ ಹಳ್ಳದಲ್ಲಿ ಸರ್ಕಾರಿ ಮೀನುಮರಿ ಕೇಂದ್ರವಿದೆ. ಸ್ಕೈಕೋಮಿಶ್ ಕಡೆಯಲ್ಲಿ ಗೋಲ್ಡ್ ಬಾರ್ ಹತ್ತಿರದ ರೈಟರ್ ಪಾಂಡ್ಸ್ ಅಂಥದ್ದೇ ಜಾಗ. ಹೊಸಬರು ಈ ಎರಡರಲ್ಲಿ ಒಂದರಿಂದ ಶುರು ಮಾಡಬೇಕು. ಮರಿಯಾಗಿ ಬಿಟ್ಟ ಜಾಗಕ್ಕೇ ಮೀನು ವಾಪಸು ಬರುವುದರಿಂದ ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮೀನೂ ಇರುತ್ತದೆ, ಜನವೂ ಇರುತ್ತಾರೆ. ಜನ ಇರುವುದು ಒಳ್ಳೆಯದೇ, ನೋಡಿ ಕಲಿಯಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಹೊಳೆಯಲ್ಲಿ ಎರಡು ಬಗೆಯ ಸ್ಟೀಲ್‌ಹೆಡ್ ಇವೆ, ಕೇಂದ್ರದಲ್ಲಿ ಸಾಕಿ ಬಿಟ್ಟದ್ದು ಮತ್ತು ಕಾಡುಮೀನು. ಬೆನ್ನ ಮೇಲೆ ದೊಡ್ಡ ರೆಕ್ಕೆಯ ಹಿಂದೆ, ಬಾಲಕ್ಕೆ ಸ್ವಲ್ಪ ಮುಂದೆ, ಹೆಬ್ಬೆರಳ ಉಗುರಿನಷ್ಟು ಮೆತ್ತನೆಯ ಚಿಕ್ಕ ರೆಕ್ಕೆ ಇರುತ್ತದೆ. ಸಾಕಿದ ಮರಿಗೆ ಬಿಡುವ ಮೊದಲೇ ಅದನ್ನು ಕತ್ತರಿಸಿರುತ್ತಾರೆ. ಅಲ್ಲಿ ವಾಸಿಯಾದ ಕಲೆ ಕಂಡರೆ, ಹೊಳೆಯ ನಿಯಮ ಒಪ್ಪಿದರೆ, ಮನೆಗೆ ತರಬಹುದು. ರೆಕ್ಕೆ ಇದ್ದರೆ ಅದು ಕಾಡುಮೀನು, ಬಿಡಲೇಬೇಕು. ಈ ಹೊಳೆಗಳು ಸೇರುವ ಕೊಲ್ಲಿ ಪ್ಯೂಜೆಟ್ ಸೌಂಡ್. ಅದರ ಸ್ಟೀಲ್‌ಹೆಡ್ ಅನ್ನು 2007ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಮೊಟ್ಟೆ ತುಂಬಿಕೊಂಡು ಹತ್ತಿ ಬಂದ ಮೀನನ್ನು ಗದ್ದೆ ಬದುವಿನಲ್ಲಿ ಕಡಿದು ಬುಟ್ಟಿಗೆ ಹಾಕಿಕೊಂಡು ಬೆಳೆದವನು ನಾನು. ನಮ್ಮ ಹಳ್ಳದಲ್ಲಿ ಹತ್ತುಮೀನು ಹೇಗೆ ಕಡಿಮೆಯಾಯಿತು ಎಂಬುದನ್ನು ಕಣ್ಣಾರೆ ಕಂಡವನೂ ಹೌದು. ಈ ಒಂದು ನಿಯಮದಲ್ಲಿ ನಮ್ಮ ಜನ ಯಾರೂ ತಪ್ಪಬಾರದು ಎಂದು ನನಗೆ ಬಹಳ ಇದೆ. ಶಿಶಿಲದ ದೇವರ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದವರಿಗೆ ಇದು ಕಷ್ಟದ ಮಾತೇನಲ್ಲ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯಿಂದ ಸಿಹಿನೀರಿನ ಲೈಸೆನ್ಸ್ ಬೇಕು. ಇಲ್ಲಿ 90 ದಿನ ನೆಲೆಸಿದ್ದರೆ ನಿವಾಸಿಗಳ ಕಡಿಮೆ ದರ ಸಿಗುತ್ತದೆ. ವರ್ಷದ ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31. ಜನವರಿಯಲ್ಲಿ ಕೊಂಡರೂ ಮಾರ್ಚ್‌ಗೆ ಮುಗಿಯುತ್ತದೆ, ಅದು ತಿಳಿದಿರಲಿ. ಜೊತೆಗೆ, ಹಿಡಿದು ಇಟ್ಟುಕೊಂಡ ಸ್ಟೀಲ್‌ಹೆಡ್‌ನ ಲೆಕ್ಕ ಬರೆದಿಡುವ ಕ್ಯಾಚ್ ಕಾರ್ಡ್ ಬೇಕು. 15 ವರ್ಷದೊಳಗಿನ ಮಕ್ಕಳಿಗೆ ಲೈಸೆನ್ಸ್ ಬೇಡ, ಕಾರ್ಡ್ ಮಾತ್ರ ಬೇಕು. ಹೊರಡುವ ಹಿಂದಿನ ರಾತ್ರಿ ಇಲಾಖೆಯ ತುರ್ತು ನಿಯಮಗಳ ಪುಟವನ್ನು ತಪ್ಪದೆ ನೋಡಿ. ಕೇಂದ್ರಕ್ಕೆ ಬೇಕಾದಷ್ಟು ಮೀನು ಮರಳದಿದ್ದರೆ ನಡು ಹಂಗಾಮಿನಲ್ಲೇ ಹೊಳೆ ಮುಚ್ಚುತ್ತಾರೆ. ಹೋದ ವಾರ ತೆರೆದಿತ್ತು ಎಂಬ ಮಾತು ವಾರ್ಡನ್ ಮುಂದೆ ನಡೆಯುವುದಿಲ್ಲ.

ಬಟ್ಟೆಯ ವಿಚಾರದಲ್ಲಿ ನಿಧಾನವಾಗಿ ಓದಿ. ಮೊದಲ ವರ್ಷ ನಾನು ಜೀನ್ಸ್ ಮೇಲೆ ಅಗ್ಗದ ವೇಡರ್ (ನೀರಿಗಿಳಿಯಲು ಹಾಕುವ, ಎದೆಯವರೆಗೆ ಬರುವ ಜಲನಿರೋಧಕ ಉಡುಪು) ಹಾಕಿಕೊಂಡು, ಸೊಂಟಕ್ಕೆ ಬೆಲ್ಟ್ ಕಟ್ಟದೆ, ಸುಲ್ತಾನ್ ಹತ್ತಿರ ನೀರಿಗಿಳಿದೆ. ಪಾಚಿಗಲ್ಲಿನ ಮೇಲೆ ಕಾಲು ಜಾರಿತು. ತೊಡೆ ಮಟ್ಟದ ನೀರೇ, ಆದರೆ ವೇಡರ್ ಒಳಗೆ ನೀರು ತುಂಬಿ ಏಳಲು ಆಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈಕೊಟ್ಟು ಎಳೆದರು. ಕಾರಿನವರೆಗೆ ನಡೆಯುವ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟಿ ಕೀಲಿ ತಿರುಗಿಸಲು ಆಗಲಿಲ್ಲ. ಆಗ ಹೊಳೆಯ ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಇದ್ದಿರಬೇಕು. ಅಂದಿನಿಂದ ಹತ್ತಿಬಟ್ಟೆ ಮೈಗೆ ತಾಗಿಸುವುದಿಲ್ಲ. ಒಳಗೆ ಉಣ್ಣೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಮಳೆ ತಡೆಯುವ ಜಾಕೆಟ್. ವೇಡರ್ ಮೇಲೆ ಬೆಲ್ಟ್ ಬಿಗಿಯಾಗಿರಬೇಕು, ಬೂಟಿನ ಅಡಿಗೆ ಲೋಹದ ಮೊಳೆ ಇರಬೇಕು, ಕೈಯಲ್ಲಿ ಊರುಗೋಲು ಇರಬೇಕು. ಮೊಣಕಾಲಿಗಿಂತ ಆಳಕ್ಕೆ ಮೊದಲ ವರ್ಷ ಇಳಿಯಲೇಬೇಡಿ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ, ಟವೆಲ್ ಇರಲಿ. ಗೋಲ್ಡ್ ಬಾರ್ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಲ್ಲಿ ನಿಲ್ಲುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ಗಾಳದ ಸಾಮಾನು ಸರಳವಾಗಿರಲಿ. ಒಂಬತ್ತರಿಂದ ಹತ್ತೂವರೆ ಅಡಿಯ ರಾಡ್, ಒಂದು ಸಾಧಾರಣ ರೀಲ್, ತುದಿಗೆ ಹತ್ತು ಪೌಂಡ್ ಭಾರ ತಡೆಯುವ ತೆಳು ತಂಗೂಸಿ, ಒಂದು ಬೆಂಡು, ಅದರ ಕೆಳಗೆ ಗುಲಾಬಿ ಬಣ್ಣದ ಜಿಗ್, ಅಂದರೆ ತಲೆಗೆ ಭಾರದ ಗುಂಡು ಕೂರಿಸಿದ ಗಾಳ. ಬೆಂಡು ಕಟ್ಟಿ ಹಾಕುವುದು ನಮಗೆ ಹೊಸದಲ್ಲ, ಬಿದಿರು ಕೋಲಿಗೆ ಕಟ್ಟಿದ್ದೇ ಇದು. ಒಂದೇ ವ್ಯತ್ಯಾಸ, ಇಲ್ಲಿ ಬೆಂಡು ನಿಲ್ಲಬಾರದು, ನೀರಿನ ಜೊತೆಗೆ ಅದೇ ವೇಗದಲ್ಲಿ ತೇಲಿಹೋಗಬೇಕು. ಜಿಗ್ ಹೊಳೆಯ ತಳದಿಂದ ಒಂದು ಅಡಿ ಮೇಲೆ ಸಾಗಬೇಕು. ಗಾಳದ ತುದಿಯ ಹಿಂಬದಿಯ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಬಹಳ ಹೊಳೆಗಳಲ್ಲಿ ಅದು ಕಾನೂನು, ಇಲ್ಲದ ಕಡೆಯೂ ಬಿಡಬೇಕಾದ ಮೀನಿಗೆ ಅದು ಉಪಕಾರ. ಮೀನಿನ ತತ್ತಿ, ಸೀಗಡಿಯಂಥ ಎರೆ ಹಾಕಬಹುದೋ ಇಲ್ಲವೋ ಎಂಬುದು ಹೊಳೆಯಿಂದ ಹೊಳೆಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಯಾವ ದಿನ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಕೆಆರ್‌ಎಸ್ ಒಳಹರಿವು ಎಷ್ಟು ಕ್ಯೂಸೆಕ್ ಎಂದು ಪೇಪರಿನಲ್ಲಿ ಓದಿ ಅಭ್ಯಾಸವಿರುವ ನಮಗೆ ಇದು ಸುಲಭ. ಗೋಲ್ಡ್ ಬಾರ್ ಹತ್ತಿರ ಕೇಂದ್ರ ಸರ್ಕಾರದ ಭೂವಿಜ್ಞಾನ ಸರ್ವೇಕ್ಷಣೆಯ ಹರಿವು ಮಾಪಕ ಇದೆ, ಹರಿವಿನ ಏರಿಳಿತ ತೋರಿಸುವ ಅದರ ಗೆರೆಯನ್ನು ಮೊಬೈಲಿನಲ್ಲೇ ನೋಡಬಹುದು. ಸ್ಕೈಕೋಮಿಶ್‌ನ ಮುಖ್ಯ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಬೆಟ್ಟದಲ್ಲಿ ಮಳೆ ಬಿದ್ದರೆ ಗಂಟೆಗಳಲ್ಲಿ ಹೊಳೆ ಏರುತ್ತದೆ. ಹವಾಯಿ ಕಡೆಯಿಂದ ಬರುವ ಬೆಚ್ಚನೆಯ ಮಳೆಯನ್ನು ಇಲ್ಲಿಯವರು ಪೈನಾಪಲ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಅದು ಬಂದರೆ ಹಿಮವನ್ನೂ ಕರಗಿಸಿಕೊಂಡು ಹೊಳೆ ಕೆಂಪಾಗಿ ಮರದ ದಿಮ್ಮಿ ಹೊತ್ತು ಬರುತ್ತದೆ. ಆ ದಿನ ದಡಕ್ಕೂ ಹೋಗಬೇಡಿ. ಮಳೆ ನಿಂತು ಎರಡು ಮೂರು ದಿನಕ್ಕೆ ಗೆರೆ ಇಳಿಯುತ್ತಾ ಬರುತ್ತದೆ, ಕೆಸರು ಕುಳಿತು ನೀರು ತಿಳಿ ಹಸಿರಾಗುತ್ತದೆ, ಮೊಣಕಾಲುದ್ದದ ನೀರಿನಲ್ಲಿ ನಿಮ್ಮ ಬೂಟು ಮಸುಕಾಗಿ ಕಾಣುತ್ತದೆ. ಆ ಏರಿದ ನೀರಿನಲ್ಲಿ ಸಮುದ್ರದಿಂದ ಹತ್ತಿದ ಹೊಸ ಮೀನು ಈಗ ನಿಂತು ಸುಧಾರಿಸಿಕೊಳ್ಳುತ್ತಿರುತ್ತದೆ. ಆಫೀಸಿಗೆ ರಜೆ ಹಾಕುವುದಿದ್ದರೆ ಆ ದಿನ ಹಾಕಿ.

ಸಿಯಾಟಲ್ ಪಕ್ಕದ ಬಾಥೆಲ್‌ನಿಂದ ಬೆಳಗ್ಗೆ ಆರಕ್ಕೆ ಹೊರಟರೆ ಸಾಕು, ಏಕೆಂದರೆ ಸೂರ್ಯ ಕಾಣುವುದೇ ಎಂಟು ಗಂಟೆ ಹೊತ್ತಿಗೆ. ಬುತ್ತಿಗೆ ಚಪಾತಿಯೊಳಗೆ ಚಟ್ನಿಪುಡಿ, ತುಪ್ಪ ಸುತ್ತಿ ಜೇಬಿನಲ್ಲಿಡಿ, ಕೈಗವಸು ತೆಗೆಯದೆ ತಿನ್ನಬಹುದು. ಚಿತ್ರಾನ್ನ ಒಯ್ದವರು ತಣ್ಣಗೆ ಗಟ್ಟಿಯಾದ ಅನ್ನವನ್ನು ಹಾಗೇ ವಾಪಸು ತಂದದ್ದನ್ನು ನೋಡಿದ್ದೇನೆ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯವೋ ಕಾಫಿಯೋ ಇರಲಿ.

ದಡಕ್ಕೆ ಬಂದ ಕೂಡಲೇ ಗಾಳ ಎಸೆಯಬೇಡಿ, ಹತ್ತು ನಿಮಿಷ ನೀರು ನೋಡಿ. ಸ್ಟೀಲ್‌ಹೆಡ್ ಭೋರ್ಗರೆಯುವ ಸೆಳವಿನಲ್ಲೂ ನಿಲ್ಲುವುದಿಲ್ಲ, ಸತ್ತ ಮಡುವಿನಲ್ಲೂ ನಿಲ್ಲುವುದಿಲ್ಲ. ನೀವು ಆರಾಮವಾಗಿ ನಡೆಯುವ ವೇಗದಲ್ಲಿ ಹರಿಯುವ, ಮೂರರಿಂದ ಆರು ಅಡಿ ಆಳದ ನೀರು ಅದಕ್ಕೆ ಇಷ್ಟ. ದೊಡ್ಡ ಬಂಡೆಯ ಹಿಂದೆ, ಸೆಳವೂ ನಿಂತ ನೀರೂ ಸೇರುವ ಗೆರೆಯಲ್ಲಿ, ಮಡು ಮುಗಿದು ಮತ್ತೆ ಹರಿವು ಶುರುವಾಗುವ ತುದಿಯಲ್ಲಿ ಹುಡುಕಿ. ಹತ್ತಿರದ ನೀರಿನಿಂದ ಶುರು ಮಾಡಿ. ಹೊಸಬರೆಲ್ಲ ಆಚೆ ದಡಕ್ಕೆ ಎಸೆಯುತ್ತಾರೆ, ಮೀನು ಎಷ್ಟೋ ಸಲ ಕಾಲಿನಿಂದ ಇಪ್ಪತ್ತು ಅಡಿ ದೂರದಲ್ಲೇ ಇರುತ್ತದೆ.

ದಡದ ಮರ್ಯಾದೆಯನ್ನೂ ಕಲಿಯಬೇಕು. ಮೊದಲೇ ನಿಂತವರ ಕೆಳಗಡೆಗೆ ಹೋಗಿ ನಿಲ್ಲುವುದು ಇಲ್ಲಿ ದೊಡ್ಡ ತಪ್ಪು. ಅವರು ನಡೆದು ಬರುತ್ತಿರುವ ನೀರು ಅದು. ಮೇಲ್ಗಡೆ ನಿಂತು, ಇಳಿಯಬಹುದೇ ಎಂದು ಕೇಳಿ. ನಾಲ್ಕು ಸಲ ಎಸೆದು ಎರಡು ಹೆಜ್ಜೆ ಕೆಳಗೆ ಸರಿಯುತ್ತಾ ಹೋಗಿ. ಯಾರಾದರೂ "ಫಿಶ್ ಆನ್" ಎಂದು ಕೂಗಿದರೆ ನಿಮ್ಮ ತಂಗೂಸಿ ಸುತ್ತಿಕೊಂಡು ದಾರಿ ಬಿಡಿ. ನನ್ನನ್ನು ನೀರಿನಿಂದ ಎಳೆದ ಆ ಹಿರಿಯರು ಆಮೇಲೆ ಮೂರು ಚಳಿಗಾಲ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಕೇಳಿದರೆ ಹೇಳಿಕೊಡುವವರು ಈ ಹೊಳೆಯಲ್ಲಿ ಬಹಳ ಇದ್ದಾರೆ.

ಕೆಳಹೊಳೆಯಲ್ಲಿ ಆದಿವಾಸಿ ಮೀನುಗಾರರ ಬಲೆ ಕಂಡರೆ ಗೊಣಗುವವರ ಜೊತೆ ಸೇರಬೇಡಿ. 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ತಮ್ಮ ನೆಲ ಬಿಟ್ಟುಕೊಟ್ಟಾಗ ಮೀನು ಹಿಡಿಯುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು ಎತ್ತಿಹಿಡಿಯಿತು. ನಾವು ಬಂದದ್ದು ಮೊನ್ನೆ.

ಬೆಂಡು ಮುಳುಗಿತು ಎನ್ನಿ. ತಡಮಾಡದೆ ರಾಡ್ ಎತ್ತಿ, ಆಮೇಲೆ ಅವಸರ ಬೇಡ. ಮೂರು ನಾಲ್ಕು ಕಿಲೋದ ಮೀನು ಮೊದಲ ಓಟದಲ್ಲೇ ಐವತ್ತು ಮೀಟರ್ ಎಳೆಯಬಹುದು, ನೀರಿನಿಂದ ಮೇಲಕ್ಕೆ ಹಾರಬಹುದು. ಹಾಗೆಂದು ಆಡಿಸುತ್ತಾ ಕೂರಲೂ ಬೇಡ, ತೀರಾ ಸುಸ್ತಾದ ಮೀನು ಬಿಟ್ಟ ಮೇಲೂ ಬದುಕದೇ ಹೋಗಬಹುದು. ರಬ್ಬರ್ ಬಲೆಯಲ್ಲಿ ತೆಗೆದುಕೊಳ್ಳಿ, ಮೀನು ನೀರಿನಲ್ಲೇ ಇರಲಿ, ಬೆನ್ನು ನೋಡಿ. ಚಿಕ್ಕ ರೆಕ್ಕೆ ಇದೆಯೇ? ಕೈ ಒದ್ದೆ ಮಾಡಿಕೊಂಡು, ಕಿವಿರಿಗೆ ಬೆರಳು ತಾಗಿಸದೆ, ಇಕ್ಕಳದಿಂದ ಗಾಳ ಬಿಡಿಸಿ. ಬಿಡಬೇಕಾದ ಮೀನನ್ನು ಪೂರ್ತಿಯಾಗಿ ನೀರಿನಿಂದ ಮೇಲೆತ್ತುವುದು ಕಾನೂನಿಗೆ ವಿರುದ್ಧ, ಹಾಗಾಗಿ ಎದೆಗವಚಿ ಫೋಟೋ ಬೇಡ. ಬಾಲದ ಬುಡ ಹಿಡಿದು, ತಲೆ ಹರಿವಿಗೆ ಎದುರಾಗಿರುವಂತೆ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಅಂಗೈಯೊಳಗೆ ಅದರ ಬಲ ಮರಳುವುದು ತಿಳಿಯುತ್ತದೆ. ತಾನೇ ಒದ್ದುಕೊಂಡು ಹೋಗುತ್ತದೆ.

ರೆಕ್ಕೆ ಕತ್ತರಿಸಿದ ಮೀನಾದರೆ ಅಲ್ಲೇ ತಲೆಗೆ ಒಂದು ಪೆಟ್ಟು ಕೊಟ್ಟು, ಕಿವಿರು ಕೊಯ್ದು ರಕ್ತ ಹರಿಸಿ, ಆ ಕ್ಷಣವೇ ಕಾರ್ಡಿನಲ್ಲಿ ಬರೆಯಿರಿ. ಮನೆಯಲ್ಲಿ ಸಾರು ಮಾಡುವಾಗ ಇದು ಅಂಜಲ್ ಅಲ್ಲ ಎಂಬುದು ನೆನಪಿರಲಿ. ಮಾಂಸ ಕೆಂಬಣ್ಣದ್ದು, ಎಣ್ಣೆಯಂಶ ಇದ್ದದ್ದು, ಬೇಗ ಬೇಯುತ್ತದೆ. ಕಾಯಿ ಮಸಾಲೆ, ಹುಣಸೆಹುಳಿ ಚೆನ್ನಾಗಿ ಕುದಿದ ಮೇಲೆ ತುಂಡು ಹಾಕಿ ಐದು ನಿಮಿಷಕ್ಕೆ ಒಲೆ ಆರಿಸಿ. ನಮ್ಮನೆಯಲ್ಲಿ ಊರಿಂದ ತಂದ ವಾಟೆಹುಳಿ ಇದ್ದಾಗ ಅದನ್ನೇ ಹಾಕುತ್ತೇವೆ, ಹುಣಸೆಗಿಂತ ಅದು ಈ ಮೀನಿಗೆ ಒಪ್ಪುತ್ತದೆ.

ಹಂಗಾಮು ಮುಗಿದ ಮೇಲೆ ಏಪ್ರಿಲ್ 30ರೊಳಗೆ ಕಾರ್ಡಿನ ಲೆಕ್ಕವನ್ನು ಇಲಾಖೆಗೆ ಕೊಡಬೇಕು. ಒಂದೂ ಮೀನು ಹಿಡಿಯದಿದ್ದರೂ ಕೊಡಬೇಕು. ನನ್ನ ಮೊದಲ ಮೂರು ವರ್ಷದ ಕಾರ್ಡುಗಳು ಖಾಲಿಯಾಗಿಯೇ ಹೋದವು. ನಾಲ್ಕನೆಯ ವರ್ಷ ಜನವರಿಯಲ್ಲಿ, ಸುಲ್ತಾನ್‌ಗಿಂತ ಸ್ವಲ್ಪ ಮೇಲೆ, ಮೊದಲ ಸ್ಟೀಲ್‌ಹೆಡ್ ಬಲೆಗೆ ಬಂತು. ಬೆನ್ನ ಮೇಲೆ ಚಿಕ್ಕ ರೆಕ್ಕೆ ಇತ್ತು. ಆ ವರ್ಷದ ಕಾರ್ಡೂ ಖಾಲಿಯೇ ಹೋಯಿತು.