ಜಠರ ತೆಗೆದ ಮೇಲೆ ಊಟದ ಕ್ರಮ

ಜಠರದ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಮಂಜೇಶ್ವರಕ್ಕೋ ಬದಿಯಡ್ಕಕ್ಕೋ ಮರಳಿದವರು ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ತೆಗೆದದ್ದು ಜಠರದ ಕೆಳಭಾಗವೋ, ಪೂರ್ತಿಯೋ? ಪೂರ್ತಿ ತೆಗೆದಿದ್ದರೆ ಅನ್ನನಾಳ ನೇರ ಸಣ್ಣ ಕರುಳಿಗೇ ಜೋಡಣೆಯಾಗಿರುತ್ತದೆ. ಆಪರೇಷನ್ನಿನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟಿನಲ್ಲಿ ಎಷ್ಟು ದುಗ್ಧಗ್ರಂಥಿ (ಲಿಂಫ್ ನೋಡ್) ಪರೀಕ್ಷಿಸಿದ್ದಾರೆಂದೂ ನೋಡಿ. ಕನಿಷ್ಠ 16 ಇದ್ದರೆ ಕಾಯಿಲೆಯ ಹಂತದ ಲೆಕ್ಕಕ್ಕೆ ಬಲವಿದೆ. ಮುಂದಿನ ಕೀಮೋದ ತೀರ್ಮಾನಕ್ಕೂ ಅದು ಬೇಕು.

ಇನ್ನು ಊಟ. ಡಾಕ್ಟರು ಗಟ್ಟಿ ಆಹಾರಕ್ಕೆ ಒಪ್ಪಿದ ಮೇಲೆ ದಿನಕ್ಕೆ 6ರಿಂದ 8 ಸಲ, ಸ್ವಲ್ಪ ಸ್ವಲ್ಪವೇ, ಚೆನ್ನಾಗಿ ಅಗಿದು ತಿನ್ನಬೇಕು. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲೇ ಹೆಚ್ಚಿನವರು ಎಡವುವುದು. ಅನ್ನವೂ ತೆಳಿಯೂ ಒಟ್ಟಿಗೆ ಹೋದರೆ ನಾಲ್ಕು ತುತ್ತಿಗೆ ಹೊಟ್ಟೆ ಬಿಗಿಯುತ್ತದೆ, ಸತ್ವ ಸಿಗುವುದಿಲ್ಲ, ಕರುಳಿಗೂ ರಭಸವಾಗಿ ಇಳಿಯುತ್ತದೆ. ಅನ್ನವನ್ನು ಮೆತ್ತಗೆ ಬೇಯಿಸಿ, ತೆಳಿ ಬಸಿದು, ಹಿಸುಕಿ ಕೊಡಿ. ಜೊತೆಗೆ ಹೆಸರುಬೇಳೆ ತೊವ್ವೆ, ಮೊಸರು, ಬೇಯಿಸಿದ ಮೊಟ್ಟೆ ಅಥವಾ ಮುಳ್ಳು ಬಿಡಿಸಿದ ಮೀನು ಇರಲಿ. ನೀರು, ತೆಳಿ, ಮಜ್ಜಿಗೆ ಊಟಕ್ಕೆ ಅರ್ಧ ಗಂಟೆ ಮೊದಲು ಇಲ್ಲವೇ ಅರ್ಧ ಗಂಟೆ ಕಳೆದು.

ಪಾಯಸ, ಬೆಲ್ಲದ ಪಾನಕ, ಸಕ್ಕರೆ ಹಾಕಿದ ಚಹಾ ಸದ್ಯಕ್ಕೆ ಬೇಡ. ಸಿಹಿ ಒಮ್ಮೆಲೇ ಕರುಳಿಗಿಳಿದರೆ ಅದು ನೀರನ್ನು ಸೆಳೆದುಕೊಳ್ಳುತ್ತದೆ. 10–30 ನಿಮಿಷದಲ್ಲೇ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಆಗ ಮಲಗಿಸಿ. 1ರಿಂದ 3 ಗಂಟೆಯ ನಂತರ ನಡುಕ, ತಲೆತಿರುಗು ಬಂದರೆ ಕಾರಣ ಬೇರೆ: ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ಇಳಿದಿರುತ್ತದೆ. ಆ ಹೊತ್ತಿಗೆ ಮಾತ್ರ ಸ್ವಲ್ಪ ಸಕ್ಕರೆ ಕೊಡಿ. ಇದು ಮರುಕಳಿಸಿದರೆ ಡಾಕ್ಟರಿಗೆ ಹೇಳಿ.

ರಾತ್ರಿ ಊಟವಾಗಿ ಎರಡು ಗಂಟೆ ಮಲಗಬಾರದು. ತಲೆಯ ಕಡೆ ಎತ್ತರಿಸಿದರೆ ಪಿತ್ತ ಮೇಲೆ ಬರುವುದು ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ. ಮೊದಲ ತಿಂಗಳುಗಳಲ್ಲಿ ಶೇ. 10ರಷ್ಟು ಇಳಿಯುವುದು ಸಾಮಾನ್ಯ, ಬಿಡದೆ ಇಳಿಯುತ್ತಲೇ ಹೋದರೆ ಅಲ್ಲ.

ಜಠರ ಪೂರ್ತಿ ಹೋದವರಿಗೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಅದನ್ನು ಕರುಳು ಹೀರಲು ನೆರವಾಗುವ ಅಂಶ ತಯಾರಾಗುತ್ತಿದ್ದುದೇ ಜಠರದಲ್ಲಿ. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಕೊರತೆ ವರ್ಷಗಳ ನಂತರ ಕಾಲು ಜುಮುಗುಟ್ಟುವಾಗಲೇ ತಿಳಿಯುವುದುಂಟು. ಹಾಗಾಗಿ ಆರಾಮವಿದೆಯೆಂದು ನಿಲ್ಲಿಸಬೇಡಿ. ಡಾಕ್ಟರರ ಚೀಟಿ ತಂದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಳ್ಳಬಹುದೇ ಎಂದು ವಿಚಾರಿಸಿ.

ಮೊದಲ ವಾರಗಳಲ್ಲಿ ಜ್ವರ, ಹೆಚ್ಚುವ ಹೊಟ್ಟೆನೋವು, ಏದುಸಿರು ಕಂಡರೆ ಜೋಡಣೆ ಸೋರುತ್ತಿರಬಹುದು. ಮನೆಮದ್ದು ಮಾಡುತ್ತ ಬೆಳಗಾಗಲೆಂದು ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನು ಮಾಡಿ ಹೊರಡಿ. ತಿಂಗಳುಗಳ ನಂತರ ತುತ್ತು ಎದೆಯಲ್ಲೇ ನಿಂತಂತಾದರೆ ಜೋಡಣೆ ಕಿರಿದಾಗಿರಬಹುದು. ಎಂಡೋಸ್ಕೋಪಿಯಲ್ಲಿ ನೋಡಿ, ಅಗತ್ಯವಿದ್ದರೆ ಅಲ್ಲೇ ಹಿಗ್ಗಿಸುತ್ತಾರೆ.