ಸಿಡಿಲಿಗೆ ಕಂಪ್ಯೂಟರ್ ಹೋಯಿತೇ? ಡೇಟಾಬೇಸ್ ಹಳೇ ಡಿಸ್ಕ್‌ನಲ್ಲೇ ಇರಬಹುದು

ಮಂಗಳೂರಿನಲ್ಲಿ ಮಳೆಗಾಲಕ್ಕೆ ಸ್ವಲ್ಪ ಮೊದಲು, ಮತ್ತೆ ಮಳೆ ಹಿಂದೆ ಸರಿಯುವಾಗ ಸಿಡಿಲು ಜಾಸ್ತಿ. ಬಂದರಿನ ಸಗಟು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಹೀಗೆ ಒಂದು ಸಂಜೆ ಆರಿಹೋದರೆ ಸುಟ್ಟಿರುವುದು ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಮಾತ್ರ ಇರಬಹುದು. ಹಾಗಾಗಿ 'ವಿಂಡೋಸ್ ಹೊಸತು ಹಾಕಿ ಕೊಡ್ತೇನೆ' ಎಂದು ಯಾರಾದರೂ ಹೇಳಿದರೆ, ಹಳೇ ಡಿಸ್ಕ್‌ಗೆ ಕೈ ಹಾಕಲು ಬಿಡಬೇಡಿ.

ಡಿಸ್ಕ್ ಬಿಚ್ಚಿ, ಸಾಟಾ-ಯುಎಸ್‌ಬಿ ಅಡಾಪ್ಟರ್ (ಒಳಗಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಧನ) ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕು, ಆದ್ದರಿಂದ ಪ್ರತ್ಯೇಕ ಪವರ್ ಇರುವ ಅಡಾಪ್ಟರನ್ನೇ ಕೊಳ್ಳಿ. ಟಕ್ ಟಕ್ ಸದ್ದು ಬಂದರೆ ಕೂಡಲೇ ತೆಗೆಯಿರಿ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. 'ಫಾರ್ಮ್ಯಾಟ್ ಮಾಡಬೇಕೇ?' ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಬೇಡ, ದೋಷ ಸರಿಪಡಿಸಲು ಹೊರಟರೆ ಅದು ಡಿಸ್ಕ್ ಮೇಲೆ ಬರೆಯುತ್ತದೆ. ಓದುವಾಗ ತಡವರಿಸಿದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ಪ್ರೋಗ್ರಾಂ ಬಳಸಿ ಇಡೀ ಡಿಸ್ಕ್‌ನ ನಕಲು ತೆಗೆದು, ಮುಂದಿನ ಕೆಲಸ ಆ ನಕಲಿನ ಮೇಲೆ ಮಾಡಿ.

ಈಗ ಡೇಟಾ ಹುಡುಕಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವ ಡೇಟಾಬೇಸ್ ಪ್ರೋಗ್ರಾಂ ಮೈಎಸ್‌ಕ್ಯುಎಲ್ ಆದರೆ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನ ಪ್ರೋಗ್ರಾಂಡೇಟಾ ಫೋಲ್ಡರಿನಲ್ಲಿ ಇರುತ್ತದೆ. ಈ ಫೋಲ್ಡರ್ ಅಡಗಿರುತ್ತದೆ, 'ಹಿಡನ್ ಐಟಮ್ಸ್' ಆನ್ ಮಾಡಿದರೆ ಕಾಣುತ್ತದೆ. ಎಕ್ಸಾಂಪ್ (ಡೇಟಾಬೇಸ್ ಮತ್ತು ವೆಬ್ ಸರ್ವರ್ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿದ್ದರೆ ಅದರೊಳಗಿನ ಮೈಎಸ್‌ಕ್ಯುಎಲ್ ಫೋಲ್ಡರ್, ಅದರೊಳಗೆ ಡೇಟಾ ಫೋಲ್ಡರ್.

ಜಾಸ್ತಿ ಜನ ಎಡವುವುದು ಇಲ್ಲೇ. ಅಂಗಡಿಯ ಹೆಸರಿನ ಫೋಲ್ಡರ್ ಒಂದನ್ನೇ ಎತ್ತಿಕೊಂಡು ಬರುತ್ತಾರೆ. ಅದರಲ್ಲಿರುವ .ಐಬಿಡಿ ಫೈಲುಗಳು (ಟೇಬಲ್‌ಗಳ ಡೇಟಾ ಇರುವವು) ಒಂಟಿಯಾಗಿ ಸುಲಭಕ್ಕೆ ತೆರೆಯುವುದಿಲ್ಲ. ಐಬಿಡೇಟಾ1, ಲಾಗ್ ಫೈಲುಗಳು, 'ಮೈಎಸ್‌ಕ್ಯುಎಲ್' ಎಂಬ ಒಳಫೋಲ್ಡರ್ ಎಲ್ಲವೂ ಜೊತೆಗಿರಬೇಕು. ಇಡೀ ಡೇಟಾ ಫೋಲ್ಡರನ್ನೇ ಕಾಪಿ ಮಾಡಿ.

ಹೊಸ ಕಂಪ್ಯೂಟರಿಗೆ ಹಳೆಯದರಲ್ಲಿದ್ದ ಮೈಎಸ್‌ಕ್ಯುಎಲ್ ಆವೃತ್ತಿಯನ್ನೇ ಹಾಕಿ. ಸರ್ವರ್ (ಹಿನ್ನೆಲೆಯಲ್ಲಿ ಓಡುವ ಮೈಎಸ್‌ಕ್ಯುಎಲ್) ನಿಲ್ಲಿಸಿ, ಅಲ್ಲಿದ್ದ ಡೇಟಾ ಫೋಲ್ಡರಿನ ಹೆಸರು ಬದಲಿಸಿ, ನಿಮ್ಮ ಕಾಪಿಯನ್ನು ಆ ಜಾಗದಲ್ಲಿಟ್ಟು ಸ್ಟಾರ್ಟ್ ಕೊಡಿ. ಪಾಸ್‌ವರ್ಡ್ ಹಳೆಯದೇ ನಡೆಯುತ್ತದೆ.

ಸ್ಟಾರ್ಟ್ ಆಗದಿದ್ದರೆ ಎರರ್ ಲಾಗ್ ಓದಿ. ಇನ್ನೋಡಿಬಿ (ಮೈಎಸ್‌ಕ್ಯುಎಲ್ ಡೇಟಾ ಕೂಡಿಡುವ ಭಾಗ) ಹಾಳಾಗಿದೆ ಎಂದಿದ್ದರೆ ಮೈಎಸ್‌ಕ್ಯುಎಲ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿ 'ಮೈಎಸ್‌ಕ್ಯುಎಲ್‌ಡಿ' ವಿಭಾಗದ ಕೆಳಗೆ 'ಇನ್ನೋಡಿಬಿ ಫೋರ್ಸ್ ರಿಕವರಿ' ಸಾಲು ಸೇರಿಸಿ ಬೆಲೆ 1 ಕೊಡಿ. (ಆ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು.) ಆಗಲಿಲ್ಲವೇ, 2, ಆಮೇಲೆ 3. ಮಿತಿ 6ರವರೆಗೆ ಇದೆ ನಿಜ, ಆದರೆ 4ರಿಂದ ಮೇಲೆ ಡೇಟಾ ಶಾಶ್ವತವಾಗಿ ಕೆಡಬಹುದು. ಅಲ್ಲಿಗೆ ಹೋಗಲೇಬೇಕಾದರೆ ಇನ್ನೊಂದು ಕಾಪಿ ಪಕ್ಕದಲ್ಲಿರಲಿ.

ಸರ್ವರ್ ಎದ್ದ ಕೂಡಲೇ ಬಿಲ್ ಹೊಡೆಯಲು ಕೂರಬೇಡಿ. ಮೈಎಸ್‌ಕ್ಯುಎಲ್ ಜೊತೆಗೇ ಬರುವ ಮೈಎಸ್‌ಕ್ಯುಎಲ್‌ಡಂಪ್ ಎಂಬ ಪ್ರೋಗ್ರಾಂನಿಂದ ಎಲ್ಲವನ್ನೂ ಒಂದು .ಎಸ್‌ಕ್ಯುಎಲ್ ಫೈಲಿಗೆ ಇಳಿಸಿಕೊಳ್ಳಿ. ಆ ಫೋರ್ಸ್ ಸಾಲು ಅಳಿಸಿ, ಖಾಲಿ ಸರ್ವರಿಗೆ ಆ ಫೈಲನ್ನು ಇಂಪೋರ್ಟ್ ಮಾಡಿ. ಆಮೇಲೆ ಕೊನೆಯ ಬಿಲ್ ನಂಬರನ್ನು ಕಾಗದದ ಬಿಲ್ ಜೊತೆ ತಾಳೆ ನೋಡಿ. ಕೊನೆಯ ಒಂದೆರಡು ಬಿಲ್ ಇಲ್ಲದಿದ್ದರೆ ಕೈಯಿಂದಲೇ ಸೇರಿಸಬೇಕಾಗುತ್ತದೆ.