ಪಾಠದೊಳಗೇ ನಾಯಕತ್ವದ ಅಭ್ಯಾಸ

ನಮ್ಮ ಶಾಲೆಗಳಲ್ಲಿ ನಾಯಕತ್ವವೆಂದರೆ ಸಾಮಾನ್ಯವಾಗಿ ಶಾಲಾ ಸಂಸತ್ತಿನ ಚುನಾವಣೆ, ಇಲ್ಲವೇ ಗಲಾಟೆ ಮಾಡುವವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವ ಕೆಲಸ. ಎರಡೂ ಬೆರಳೆಣಿಕೆಯ ಮಕ್ಕಳಿಗಷ್ಟೇ ದಕ್ಕುತ್ತವೆ. ಎರಡನೆಯದಂತೂ ನಾಯಕತ್ವಕ್ಕಿಂತ ಕಾವಲುಗಾರಿಕೆಗೇ ಹತ್ತಿರವಾದುದು. ಎಲ್ಲರಿಗೂ ಅವಕಾಶ ಸಿಗಬೇಕಾದರೆ ಅದನ್ನು ದಿನದ ಪಾಠದೊಳಗೇ ಹೊಂದಿಸಬೇಕು.

ಗಣಿತದ ದತ್ತಾಂಶ ನಿರ್ವಹಣೆಯ ಘಟಕವನ್ನೇ ತೆಗೆದುಕೊಳ್ಳಿ. ಐದೈದು ಮಕ್ಕಳ ಗುಂಪು ಮಾಡಿ, ಬಿಸಿಯೂಟದಲ್ಲಿ ಐದು ದಿನ ಎಷ್ಟೆಷ್ಟು ಅನ್ನ ಉಳಿಯಿತೆಂದು ಅಳೆದು, ಸರಾಸರಿ ಕಂಡುಹಿಡಿದು, ಸ್ತಂಭಾಲೇಖ ಬರೆಯುವ ಕೆಲಸವನ್ನು ವಹಿಸಿ. ದಿನಕ್ಕೊಬ್ಬರು ಮುಂದಾಳಾಗಲಿ. ಕೆಲಸ ಹಂಚುವುದು, ಅಡುಗೆ ಸಿಬ್ಬಂದಿಯೊಡನೆ ಮಾತನಾಡಿ ಸಮಯ ಗೊತ್ತುಪಡಿಸುವುದು, ಸುಮ್ಮನಿರುವ ಸಹಪಾಠಿಯ ಅಭಿಪ್ರಾಯ ಕೇಳುವುದು ಮತ್ತು ಮರುದಿನದ ಮುಂದಾಳಿಗೆ ಲೆಕ್ಕ ಒಪ್ಪಿಸುವುದು ಅವರ ಹೊಣೆಯೆಂದು ಮೊದಲೇ ಸ್ಪಷ್ಟಪಡಿಸಿ.

ಇಲ್ಲಿ ಕಠಿಣವಾದುದು ಶಿಕ್ಷಕರ ಪಾಲಿನ ಸಂಯಮ. ಗುಂಪಿನಲ್ಲಿ ಜಗಳವೆದ್ದ ಕೂಡಲೇ ತೀರ್ಪು ಕೊಟ್ಟರೆ ಮುಂದಾಳಿಗೆ ಕಲಿಯಲು ಏನೂ ಉಳಿಯುವುದಿಲ್ಲ, ಆದ್ದರಿಂದ ಅವಮಾನ ಅಥವಾ ಹೊಡೆದಾಟದ ಹಂತಕ್ಕೆ ಹೋಗದಿದ್ದರೆ ಕೆಲ ನಿಮಿಷ ಕಾದು, "ಇಬ್ಬರ ಮಾತನ್ನೂ ಕೇಳಿದೆಯಾ?" ಎಂದಷ್ಟೇ ಕೇಳಿ. ಬರವಣಿಗೆ ಹುಡುಗಿಯರಿಗೆ, ವರದಿ ಒಪ್ಪಿಸುವುದು ಹುಡುಗರಿಗೆ ಎಂಬ ಹಂಚಿಕೆ ತಾನಾಗಿಯೇ ನುಸುಳುವುದರಿಂದ ಪಾತ್ರಗಳ ಸರದಿಯನ್ನು ಗೋಡೆಯ ಮೇಲೆ ಬರೆದು ಹಾಕಿ.

ನಾಯಕತ್ವಕ್ಕೆ ಅಂಕ ಕೊಡಬೇಡಿ. ಬದಲಿಗೆ ಕೊನೆಯ ದಿನ ಪ್ರತಿ ಮುಂದಾಳಿಗೂ ಗುಂಪಿನವರು ಒಂದು ಮೆಚ್ಚುಗೆಯನ್ನೂ ಒಂದು ಸಲಹೆಯನ್ನೂ ಹೇಳಲಿ. ನೀವು ಗಮನಿಸಿದ್ದನ್ನು ನಿರಂತರ ಮೌಲ್ಯಮಾಪನದ ದಾಖಲೆಯಲ್ಲಿ ಒಂದೆರಡು ವಾಕ್ಯಗಳಲ್ಲಿ ಬರೆದಿಡಿ.